ಬಿಗಿದ ಮುಡಿಯ ಕೆಳಗೆ

ಎಡಗಡೆಯ ಕಣತಲೆಯೇ ಇರಬೇಕು, ಇಲ್ಲದಿದ್ದರೆ ಕಿಟಕಿಯ ಬೆಳಕು ಅದರ ಮೇಲೆ ಬೀಳುತ್ತಿರಲಿಲ್ಲ. ಆದರೆ ಬೆಳಕು ಬಿದ್ದದ್ದನ್ನು ನಾನು ನೋಡಿದ್ದು ಕನ್ನಡಿಯೊಳಗೆ. ಆ ಮನುಷ್ಯ ಯಾರೊಡನೆ ಮಾತನಾಡಿದರೂ ಕನ್ನಡಿಯ ಮುಖಾಂತರವೇ ಮಾತನಾಡುತ್ತಿದ್ದರು. ಅಂದಮೇಲೆ ಬಲಗಡೆ. ಕಣ್ಣು ಮುಚ್ಚಿದರೆ ಈಗಲೂ ಕೂದಲಿಲ್ಲದ ಆ ಬಯಲು ಕಾಣುತ್ತದೆ, ಅರ್ಧ ಮಡಚಿದ ವೀಳ್ಯದೆಲೆಯಷ್ಟು, ನುಣ್ಣಗೆ, ಸ್ವಲ್ಪ ಹೊಳೆಯುತ್ತ. ಯಾವ ಕಡೆ ಎಂದು ಕೇಳಿದ ಕೂಡಲೇ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತದೆ. ಇಷ್ಟು ಸಣ್ಣ ಸಂಗತಿಯನ್ನೇ ಹಿಡಿದಿಡಲಾರದ ನೆನಪು ಉಳಿದದ್ದನ್ನು ಸರಿಯಾಗಿ ಇಟ್ಟುಕೊಂಡಿದೆ ಎಂದು ನಂಬಲು ಕಾರಣವಿಲ್ಲ. ಆದರೂ ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಕಿರಿಯ ಡಾಕ್ಟರನಾಗಿದ್ದೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಬೆಳಗಿನ ರೈಲಿನಲ್ಲಿ ಕುಳಿತರೆ ಕಣ್ಣು ತಾನೇ ಮುಚ್ಚುತ್ತಿತ್ತು. ಹುಬ್ಬಳ್ಳಿಯಲ್ಲಿ ಇಳಿದು ಆಸ್ಪತ್ರೆಯ ಗಂಧಕದ ವಾಸನೆ ಮೂಗಿಗೆ ಬಡಿಯುವವರೆಗೂ ನಾನು ಪೂರ್ತಿ ಎಚ್ಚತ್ತಿರುತ್ತಿರಲಿಲ್ಲ. ಆ ದಿನಗಳ ಬಹಳಷ್ಟು ಸಂಗತಿಗಳು ಅದೇ ಜೋಂಪಿನಲ್ಲಿಯೇ ನಡೆದಂತೆ ತೋರುತ್ತವೆ.

ಹೋಳಿ ಮುಗಿದ ಮರುವಾರ ಅವರು ಬಂದರು. ಸಾಲಿನಲ್ಲಿ ನಿಂತವರ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ನಲವತ್ತೈದು ದಾಟಿದ ಗಂಡಸು, ಕಚ್ಚೆಧೋತರ, ತಲೆಗೆ ದೊಡ್ಡ ರುಮಾಲು. ಜೊತೆಗೆ ಹೆಂಡತಿ, ಶಿರಗುಪ್ಪಿಯ ಕಡೆಯ ಗಟ್ಟಿ ಹೆಣ್ಣುಮಗಳು. ಕುರ್ಚಿಯಲ್ಲಿ ಕುಳಿತು ಅವರು ತಲೆ ಬಾಗಿಸಿದರು. ಆಕೆ ರುಮಾಲು ಬಿಚ್ಚಿದಳು. ಸೊಂಟದ ತನಕ ಕೂದಲು ಇಳಿಯಿತು. ಹೊರಗೆ ಬಾಕಿನ ಮೇಲೆ ಕುಳಿತಿದ್ದ ಹೆಂಗಸರು ಬಾಗಿಲ ಸಂದಿಯಿಂದ ಅದನ್ನು ನೋಡಿ ಮಾತು ನಿಲ್ಲಿಸಿದರು.

"ಇದ ನಮ್ಮ ಹೊಟ್ಟಿಪಾಡ ನೋಡ್ರಿ, ಡಾಕ್ಟರಸಾಹೇಬ್ರ," ಎಂದರು ಅವರು, ಎದುರಿಗಿದ್ದ ನನ್ನನ್ನು ಬಿಟ್ಟು, ಕೈತೊಳೆಯುವ ಬೋಗುಣಿಯ ಮೇಲಿನ ಕನ್ನಡಿಯಲ್ಲಿದ್ದ ನನಗೆ.

ಅವರು ನಾಟಕ ಕಂಪನಿಯ ಸ್ತ್ರೀಪಾತ್ರಧಾರಿ. ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಆ ಹೊತ್ತಿಗೆ ಕಂಪನಿಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳೇ ಬಂದಾಗಿತ್ತು. ಹೆಣ್ಣಾಗುವ ಗಂಡಸರು ಅಲ್ಲೊಬ್ಬ ಇಲ್ಲೊಬ್ಬ ಉಳಿದಿದ್ದರು. ಮಾಸ್ತರರು ಉಳಿದದ್ದು ಒಂದೇ ಪ್ರವೇಶದ ಬಲದಿಂದ. ರಾಣಿ ತುಂಬಿದ ದರ್ಬಾರಿನಲ್ಲಿ ತನ್ನ ಮುಡಿಯನ್ನು ತಾನೇ ಬಿಚ್ಚಿ ಶಪಥ ಮಾಡುತ್ತಾಳೆ. ಆ ಕೂದಲು ಖರೇ ಕೂದಲು ಎಂಬುದು ಊರಿಗೆಲ್ಲ ಗೊತ್ತಿತ್ತು. ಅದನ್ನು ನೋಡಲೆಂದೇ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಈಗ ಕಣತಲೆಯಲ್ಲಿ ಕೂದಲು ಹೋಗಿತ್ತು. ಮುಡಿ ಬಿಚ್ಚಿದರೆ ಮೊದಲ ಸಾಲಿನವರಿಗೆ ಬಯಲು ಕಾಣುತ್ತಿತ್ತು.

"ಮಾಲಕರು ಹೇಳ್ಯಾರ್ರೀ," ಎಂದರು ಮಾಸ್ತರರು. "ದೀಪಾವಳಿಗೆ ಹೊಸಾ ಕ್ಯಾಂಪ ಸುರು ಆಗತೈತಿ. ಅಷ್ಟರಾಗ ತಲಿ ನೆಟ್ಟಗಾದ್ರ ರಾಣಿ ಪಾರ್ಟ ನಂದು. ಇಲ್ಲಂದ್ರ ಗದಗದಿಂದ ಒಂದ ಹುಡಿಗೀನ ತಂದಿಟ್ಟಾರ, ಆಕಿದು."

"ಸುಳ್ಳು ಕೂದಲದ ಟೋಪ ಹಾಕ್ಕೋಬಹುದಲ್ಲ?" ಎಂದೆ.

ಹೆಂಡತಿ ನಕ್ಕಳು. "ಟೋಪ ಹಾಕ್ಕೊಳ್ಳಾಕ ಇವರ ಯಾಕ ಬೇಕರೀ? ಅದನ್ನ ಗೂಟಕ್ಕ ಹಾಕಿದ್ರೂ ಚಂದ ಕಾಣತೈತಿ."

ಮಸೂರ ಹಿಡಿದು ನೋಡಿದೆ. ನಡುಭಾಗದಲ್ಲಿ ಕೂದಲಿನ ರಂಧ್ರಗಳೇ ಕಾಣಲಿಲ್ಲ. ಅಂಚಿನಲ್ಲಿ ಮಾತ್ರ ತುಂಡಾದ ಮೋಟುಗೂದಲು, ನಡುನಡುವೆ ತೆರೆದ ಸಣ್ಣ ಬಾಯಿಗಳು. ನನ್ನ ಮೇಲಿನ ಡಾಕ್ಟರರನ್ನು ಕರೆದೆ. ಅವರು ಮುಂಬಯಿಯಲ್ಲಿ ಕಲಿತು ಬಂದವರು, ಮಾತು ಕಡಿಮೆ. ಹೆಬ್ಬೆರಳಿನಿಂದ ಚರ್ಮವನ್ನು ಸರಿಸಿ ನೋಡಿ, "ಅಂಚು ಜೀವಂತ ಅದ. ನಡುವ ಸತ್ತದೋ, ಮಲಗೇದೋ, ಹೇಳಲಿಕ್ಕೆ ಬರೂದಿಲ್ಲ," ಎಂದರು. ಎಲ್ಲವೂ ಆ ಮಾತಿನ ಮೇಲೆ ನಿಂತಿತ್ತು. ಬೇರು ಮಲಗಿದ್ದರೆ ಮುಲಾಮು, ಬೆಳಕು, ಸಮಯ. ಸತ್ತಿದ್ದರೆ ಬೋಳು ಜಾಗವನ್ನೇ ತೆಗೆದು ಹೊಲಿಯುವ ಕತ್ತಿ.

ಏನೇನು ಹಚ್ಚುತ್ತೀರಿ ಎಂದು ಕೇಳಿದೆವು. ಕೊಬ್ಬರಿ ಎಣ್ಣೆ, ಕರಿಬೇವು ಕುದಿಸಿದ ಎಣ್ಣೆ, ಗುಲಗಂಜಿ ತೇಯ್ದು ಒಂದು ಸಲ, ಅದರಿಂದ ಗುಳ್ಳೆ ಎದ್ದು ಬಿಟ್ಟದ್ದು. ಹೆಂಡತಿಯೇ ಎಲ್ಲ ಹೇಳಿದಳು. ಆ ತಲೆಯ ಆರೈಕೆ ಪೂರ್ತಿ ಆಕೆಯದು. "ನನ್ನ ತಲಿ ಕಾಗಿ ಗೂಡ ಆಗೇತಿ, ಇವರ ತಲಿಗೆ ಮಾತ್ರ ಎರಡ ದಿನಕ್ಕೊಮ್ಮಿ ಸೀಗೀಕಾಯಿ," ಎಂದಳು. ಏನು ಹಚ್ಚುತ್ತೀರಿ ಎಂದು ಕೇಳಿದೆವು. ಹೇಗೆ ಕಟ್ಟುತ್ತೀರಿ ಎಂದು ಕೇಳಲಿಲ್ಲ. ಹೆಂಗಸರು ಕೂದಲು ಕಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದ್ದರಿಂದ ಅದೊಂದು ಕೇಳುವ ಸಂಗತಿ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮೊದಲು ಕತ್ತಿ ಬೇಡ ಎಂದಾಯಿತು. ಕಂದು ಬಣ್ಣದ, ಹಚ್ಚಿದರೆ ಚುರುಗುಟ್ಟುವ ಮುಲಾಮು, ವಾರಕ್ಕೆರಡು ಸಲ ನೇರಳೆ ಬೆಳಕಿನ ದೀಪ. ಕೂದಲನ್ನು ಹಗುರವಾಗಿ ರುಮಾಲಿನೊಳಗೆ ಸುತ್ತಿಡಲು ಹೇಳಿದೆವು, ಮುಲಾಮು ಮೆತ್ತಬಾರದೆಂದು ಅಷ್ಟೇ. ದೀಪಾವಳಿಯ ಕ್ಯಾಂಪು ಸುರುವಾಗುವವರೆಗೆ ಕಂಪನಿಯ ನಾಟಕಗಳಿಗೂ ಬಿಡುವಿತ್ತು, ಬಣ್ಣ ಹಚ್ಚುವ ಕೆಲಸವಿರಲಿಲ್ಲ.

ಆ ದೀಪದ ಕೋಣೆ ನನ್ನ ಕನಸಿನಲ್ಲಿ ಇವತ್ತಿಗೂ ಬರುತ್ತದೆ. ಕಿಟಕಿಗೆ ಕಪ್ಪು ಪರದೆ ಎಳೆದರೆ ಒಳಗೆಲ್ಲ ನೇರಳೆ ಬಣ್ಣ, ಸಿಡಿಲು ಬಡಿದ ಮೇಲಿನಂಥ ಒಂದು ವಾಸನೆ. ಕರಿ ಕನ್ನಡಕ ಹಾಕಿಕೊಂಡು ಮಾಸ್ತರರು ತಲೆಯನ್ನು ವಾಲಿಸಿ ಕೂತಿರುತ್ತಿದ್ದರು, ನಾನೂ ಕರಿ ಕನ್ನಡಕದಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಿದ್ದೆ. ಅವರು ಸಣ್ಣ ದನಿಯಲ್ಲಿ ರಾಣಿಯ ಮಾತು ಹೇಳಿಕೊಳ್ಳುತ್ತಿದ್ದರು. ಗಂಡಸಿನ ದನಿಯೂ ಅಲ್ಲ, ಹೆಣ್ಣಿನದೂ ಅಲ್ಲ. ಮನೆಯೊಳಗಿನ ಯಾವುದೋ ಕೋಣೆಯಿಂದ ಕೇಳಿಸುವ, ಯಾರದೆಂದು ತಿಳಿಯುವ ಮೊದಲೇ ನಿಂತುಹೋಗುವ ದನಿ.

ಬೇಸಗೆ ಕಳೆಯುವ ಹೊತ್ತಿಗೆ ಅಂಚಿನಲ್ಲಿ ನನಗೆ ನವಿರು ಕಂಡಿತು, ಪೀಚುಗಾಯಿಯ ಮೇಲಿನ ತುಪ್ಪುಳದಂತೆ. ಮೇಲಿನ ಡಾಕ್ಟರು ಮಸೂರ ಹಿಡಿದು, "ಹತ್ತಿ ಎಳಿ," ಎಂದರು. ಹತ್ತಿಯ ಊರು ನಮ್ಮದು, ಗಾಳಿಯಲ್ಲೆಲ್ಲ ಹಾರುತ್ತಿರುತ್ತದೆ. ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ನೋಡಿದೆವು. ಕೆಲವು ಹೋದವು, ಕೆಲವು ಉಳಿದವು. ಆಗ ಪರೀಕ್ಷೆಗೆಂದು ಚೂರೇ ಚೂರು ಚರ್ಮ ತೆಗೆದು ಕಳಿಸಿದ್ದರೆ ತಿಳಿಯುತ್ತಿತ್ತು. ಮಾಸ್ತರರು ಒಪ್ಪಲಿಲ್ಲ. ಇದ್ದುದರಲ್ಲಿಯೇ ಇನ್ನಷ್ಟು ಕತ್ತರಿಸುವುದೇ ಎಂದರು.

ಅದೇ ದಿನಗಳಲ್ಲಿ ಹೊರದೇಶದ ವೈದ್ಯಕೀಯ ಪತ್ರಿಕೆಯೊಂದು ನಮ್ಮ ಕೈಗೆ ಬಂತು. ತಲೆಯ ಹಿಂಭಾಗದಿಂದ ಕೂದಲಿರುವ ಚರ್ಮವನ್ನು ಸಣ್ಣ ಬಿಲ್ಲೆಗಳಂತೆ ತೆಗೆದು ಬೋಳಾದಲ್ಲಿ ನೆಡುವುದು. ನೆಟ್ಟದ್ದು ತನ್ನ ಹಳೆಯ ಜಾಗದ ಗುಣವನ್ನೇ ಉಳಿಸಿಕೊಂಡು ಬೆಳೆಯುತ್ತದೆ ಎಂಬುದು ಸಾರಾಂಶ. ಗಿಡಕ್ಕೆ ಕಸಿ ಕಟ್ಟುವ ಹಾಗೆ. ಓದಿ ನನಗೆ ನೆಲ ಸ್ವಲ್ಪ ತೇಲಿದಂತಾಯಿತು. ಮೇಲಿನ ಡಾಕ್ಟರು ಎರಡು ದಿನ ಪತ್ರಿಕೆಯನ್ನು ಮನೆಗೆ ಒಯ್ದು ಓದಿ, "ನಾಲ್ಕು ಹಚ್ಚಿ ನೋಡೂಣು. ಹಿಡದ್ರ ಮುಂದಿಂದು," ಎಂದರು.

ಮಾಸ್ತರರಿಗೆ ಹೇಳಿದೆ. ನೆಟ್ಟ ಕೂದಲು ಮೊದಲು ಉದುರುತ್ತದೆ, ಬೇರು ಹಿಡಿದಿದ್ದರೆ ಮೂರು ತಿಂಗಳ ಸುಮಾರಿಗೆ ಹೊಸದು ಬರುತ್ತದೆ ಎಂಬುದನ್ನೂ ಹೇಳಿದೆ. ಕೂದಲಿನ ಗೆರೆ ಎಲ್ಲಿಂದ ಸುರುವಾಗಬೇಕು ಎಂಬುದನ್ನು ಮಾತ್ರ ನೀವೇ ಗುರುತು ಮಾಡಿಕೊಂಡು ಬನ್ನಿ ಎಂದೆ. ದಿನವೂ ಬಣ್ಣ ಹಚ್ಚುವ ಕೈ, ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನನ್ನ ಲೆಕ್ಕ.

ಕಾರಹುಣ್ಣಿಮೆಯ ಆಚೀಚೆ ಒಂದು ಮಧ್ಯಾಹ್ನ ಅವರು ಬಂದರು. ರುಮಾಲಿನ ಕೆಳಗೆ ಮುಡಿ ಕಟ್ಟಿತ್ತು, ಕಣತಲೆಯ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಎಳೆದ ಗೆರೆ, ಚಿತ್ರದಲ್ಲಿಯ ಗೆರೆಯಂತೆ ಸುಂದರ. ದಾದಿ ಮುಡಿ ಬಿಚ್ಚಿಸಿ, ಗೆರೆ ಅಳಿಸದಂತೆ ಸುತ್ತಲೂ ಸ್ಪಿರಿಟ್ಟಿನಿಂದ ಒರೆಸಿ, ಮೇಜಿನ ಮೇಲೆ ಒರಗಿಸಿದಳು. ಹಿಂಭಾಗದಲ್ಲಿ ಸ್ವಲ್ಪ ಜಾಗ ಗಿಡ್ಡಗೆ ಕತ್ತರಿಸಿ ಮರಗಟ್ಟಿಸುವ ಸೂಜಿ ಕೊಟ್ಟೆವು. ಚರ್ಮದ ಚೂರು ತೆಗೆಯಲು ನಮ್ಮಲ್ಲಿ ಕೊಳವೆಯಂಥ ಒಂದು ಅಲಗು ಇತ್ತು. ಸಾಣೆಗಲ್ಲಿನ ಮೇಲೆ ಅದನ್ನು ನಾನೇ ಮಸೆದಿದ್ದೆ. ಕೂದಲು ಓರೆಯಾಗಿ ಬೆಳೆದಿರುತ್ತದೆ, ಅಲಗನ್ನೂ ಅದೇ ಓರೆಯಲ್ಲಿ ತಿರುವಬೇಕು, ಇಲ್ಲದಿದ್ದರೆ ಬೇರು ತುಂಡಾಗುತ್ತದೆ. ಮೊದಲನೆಯದು ತುಂಡಾಯಿತು. ಎರಡನೆಯದು ಇಡಿಯಾಗಿ ಬಂತು. ಉಪ್ಪುನೀರಿನ ಬಟ್ಟಲಲ್ಲಿ ಅದು ತಿರುಗುತ್ತ ನಿಂತಿತು, ಕೆಳಗೆ ಬಿಳಿ ಬೇರು, ಮೇಲೆ ನಾಲ್ಕೈದು ಕೂದಲು. ಒಂದು ಸಣ್ಣ ಹೊಲದ ತುಣುಕಿನಂತೆ ಎಂದು ಅನ್ನಿಸಿದ್ದು ಆಗಲೋ, ಈಗ ಬರೆಯುವಾಗಲೋ.

ಮುಂದೆ ಗೆರೆಯ ಗುಂಟ ಅಷ್ಟಕ್ಕಷ್ಟೇ ತೂತು ಮಾಡಿ ನಾಲ್ಕನ್ನು ಕೂರಿಸಿದೆವು. ನೆತ್ತರು ನಿಲ್ಲಲು ಬಹಳ ಹೊತ್ತು ಒತ್ತಿ ಹಿಡಿದಿದ್ದೆ. ಪಟ್ಟಿ ಸುತ್ತಿದ ಮೇಲೆ ಮಾಸ್ತರರು ಕನ್ನಡಿ ನೋಡಿಕೊಂಡು, "ಏನ ಬಿಡ್ರಿ, ರಾಣಿ ಪಾರ್ಟ ತಪ್ಪಿದ್ರೂ ಸುಲ್ತಾನಂದು ಸಿಗತೈತಿ," ಎಂದರು.

ಹಕ್ಕಳೆ ಬಿತ್ತು. ಅದರೊಡನೆ ಕೂದಲೂ ಬಿತ್ತು. ಹೇಳಿಯೇ ಇದ್ದೆ, ಆದರೂ ಆ ದಿನ ಅವರ ಮುಖ ನೋಡಲಾಗಲಿಲ್ಲ. ಹೆಂಡತಿ ಒಂದು ಕಾಗದದ ಚೂರಿನಲ್ಲಿ ಉದುರಿದ ಎಳೆಗಳನ್ನು ಕಟ್ಟಿಕೊಂಡು ಬಂದಿದ್ದಳು, ಮರಳಿ ಹಚ್ಚಲು ಬರುತ್ತದೆಯೇ ಎಂದು.

"ಬಿತ್ತಿದ ಬೀಜಾ ಹೊಲದಾಗ ಕೊಳೀಬೇಕಲ್ಲ ತಾಯಿ, ಹಂಗ ಇದು," ಎಂದೆ.

"ಬೀಜಾ ಕೊಳತರ ಅದಕ್ಕ ಬಿತ್ತಿಗಿ ಕೆಟ್ಟತು ಅಂತೀವ್ರಿ ನಮ್ಮೂರಾಗ," ಎಂದಳು ಆಕೆ. ಹೊಲದ ಮಾತನ್ನು ಒಕ್ಕಲಗಿತ್ತಿಗೆ ಹೇಳಹೋಗಬಾರದಿತ್ತು.

ಮಳೆಗಾಲ ಹಾಗೇ ಹೋಯಿತು. ಮುಲಾಮು ನಡೆದಿತ್ತು, ಕರೆಂಟು ಇದ್ದಾಗ ದೀಪವೂ ನಡೆದಿತ್ತು. ಗಣೇಶ ಚೌತಿಯ ಸುಮಾರಿಗೆ ನಾಲ್ಕೂ ಚುಕ್ಕೆಗಳಲ್ಲಿ ಕಪ್ಪು ತುದಿ ಕಂಡಿತು. ಈ ಸಲ ಒರೆಸಿದರೂ ಹೋಗಲಿಲ್ಲ. ಮೇಲಿನ ಡಾಕ್ಟರು ಮಸೂರ ಇಳಿಸಿ ನನ್ನ ಭುಜ ತಟ್ಟಿದರು. ಅವರು ಭುಜ ತಟ್ಟಿದ್ದು ಅದೊಂದೇ ಸಲ ಎಂದು ನೆನಪು. ಚುಕ್ಕೆಗಳ ಹಿಂದೆ, ಹಳೆಯ ಅಂಚಿನಲ್ಲಿಯೂ, ತೆಳ್ಳಗೆ ಕೂದಲು ಬಂದಿತ್ತು. ಉಳಿದ ಜಾಗಕ್ಕೆಲ್ಲ ಕಸಿ ಮಾಡುವುದು ನಿಶ್ಚಯವಾಯಿತು. ದೀಪಾವಳಿಗೆ ಪೂರ್ತಿ ಬೆಳೆಯಲಾರದು. ಆದರೆ ಹಿಡಿಯುತ್ತದೆ ಎಂದು ಮಾಲಕರಿಗೆ ತೋರಿಸಿದರೆ ಒಂದು ಕ್ಯಾಂಪಿನ ಮಟ್ಟಿಗೆ ಕಾಯಬಹುದು ಎಂದು ಮಾಸ್ತರರ ಆಸೆ.

ಆಗ ನಾನು ಒಂದು ವಿಚಿತ್ರ ಗಮನಿಸಿದೆ. ಹೊಸ ಕೂದಲಿನ ಗೆರೆ ಇರಬೇಕಾದಲ್ಲಿ ಇರಲಿಲ್ಲ. ಒಂದು ಬೆರಳಿನಷ್ಟು ಕೆಳಗೆ, ಹುಬ್ಬಿನ ತುದಿಗೆ ತೀರ ಹತ್ತಿರ ಬಂದಿತ್ತು. ನೆಟ್ಟಗೆ ನೋಡಿದರೆ ಗಂಡಸರ ಕೆನ್ನೆಗೂದಲಿನಂತಿತ್ತು. ಗೆರೆ ಎಳೆದವರು ಅವರೇ, ನೆಟ್ಟವನು ನಾನು, ಗೆರೆ ಬಿಟ್ಟು ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ಮಾಸ್ತರ್ರ, ಇದು ಕೆಳಗ ಬಂದದಲ್ಲ?"

"ಇಲ್ಲರೀ, ಬರೋಬರಿ ಐತಿ. ಮುಡಿ ಕಟ್ಟಿದ ಮ್ಯಾಲ ನೋಡ್ರಿ. ಏ, ಕಟ್ಟ ಬಾರ."

ಹೆಂಡತಿ ಅವರ ಹಿಂದೆ ನಿಂತಳು. ಹಲ್ಲಿನಲ್ಲಿ ಒಂದು ಕಪ್ಪು ಲಾಡಿ ಕಚ್ಚಿಕೊಂಡು, ಕಣತಲೆಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ಮೊಣಕಾಲನ್ನು ಕುರ್ಚಿಯ ಬೆನ್ನಿಗೆ ಕೊಟ್ಟು ಎಳೆದಳು, ಸೇದುವ ಹಗ್ಗ ಎಳೆದ ಹಾಗೆ. ಇನ್ನೊಮ್ಮೆ. ಲಾಡಿ ಸುತ್ತಿ ಗಂಟು ಹಾಕಿದಳು. ಕನ್ನಡಿಯೊಳಗೆ ಮಾಸ್ತರರ ಮುಖ ಬದಲಾಯಿತು. ಜೋತುಬಿದ್ದ ಹುಬ್ಬು ಮೇಲೇರಿತು, ಕಣ್ಣುಗಳು ಕಿವಿಯ ಕಡೆಗೆ ಉದ್ದವಾದವು, ಗಲ್ಲದ ಮಡಿಕೆ ಮಾಯವಾಯಿತು. ಹತ್ತಿಪ್ಪತ್ತು ವರ್ಷ ಹಿಂದಿನ ಯಾರೋ ಒಬ್ಬ ಹೆಣ್ಣುಮಗಳು, ಬಣ್ಣವಿಲ್ಲದೆ, ಮೀಸೆ ಬೋಳಿಸಿದ ನೀಲಿ ತುಟಿಯ ಮೇಲಿನಿಂದ ನನ್ನನ್ನು ನೋಡಿದಳು. ಕಸಿಯ ಗೆರೆ ಮೇಲಕ್ಕೆ ಸರಿದು ತನ್ನ ಜಾಗಕ್ಕೆ ಹೋಗಿ ಕೂತಿತು. ಬರೋಬರಿ ಇತ್ತು.

"ಹಿಂಗ ಕಟ್ಟಿದ್ರ ಕಣ್ಣ ಏಳತಾವ್ರಿ," ಎಂದಳು ಹೆಂಡತಿ, ಲಾಡಿಯ ತುದಿ ಸಿಕ್ಕಿಸುತ್ತ. "ವರ್ಷಾ ಆದಂಗ ಬಿಗೀ ಹೆಚ್ಚಿಗಿ ಮಾಡಬೇಕು. ಮದಲಿಗೆ ಬೊಟ್ಟಿಲೆ ಎಳೀತಿದ್ದೆ, ಈಗ ಮೊಣಕಾಲ ಹಚ್ಚತೇನಿ."

"ಈ ಕಡೀ ಗಲ್ಲ ಜನಕ್ಕ ಕಾಣತೈತ್ರಿ," ಎಂದರು ಮಾಸ್ತರರು. "ಅದಕ್ಕ ಇದನ್ನ ಜಾಸ್ತಿ ಎಳಿಯೂದು."

ನಾನು ಗೆರೆಯನ್ನೇ ನೋಡುತ್ತಿದ್ದೆ. ನಾಲ್ಕು ಚುಕ್ಕೆಗಳೂ ಬೆಳ್ಳಗಾಗಿದ್ದವು. ಬೆರಳಿನಿಂದ ಉಗುರು ಒತ್ತಿದರೆ ಆಗುವ ಬಿಳುಪು. ಬಿಟ್ಟರೆ ಕೆಂಪು ಮರಳುತ್ತದೆ. ಇದನ್ನು ಮೂರು ತಾಸು, ನಾಲ್ಕು ತಾಸು, ನಾಟಕ ಮುಗಿಯುವವರೆಗೆ, ವರ್ಷಗಟ್ಟಲೆ ಬಿಡದೆ ಇದ್ದರೆ ಬೇರಿಗೆ ರಕ್ತ ಎಲ್ಲಿಂದ ಬರಬೇಕು? ಜನ ಹೇಳುವಂತೆ ಕೂದಲನ್ನು ಹುಳ ತಿಂದಿರಲಿಲ್ಲ, ಈ ಬಿಗಿ ತಿಂದಿತ್ತು. ಮಾಸ್ತರರು ಗುರುತು ಮಾಡಿಕೊಂಡು ಬಂದಿದ್ದು ಮುಡಿ ಕಟ್ಟಿದ ಮುಖಕ್ಕೆ. ನಾವು ಮುಡಿ ಬಿಚ್ಚಿ, ಜಾರಿದ ಚರ್ಮದ ಮೇಲೆ ನೆಟ್ಟಿದ್ದೆವು. ನಮ್ಮ ಕಸಿ ಸರಿಯಾಗಿ ಕಾಣಬೇಕಾದರೆ ಅದನ್ನು ಕೊಲ್ಲುವ ಬಿಗಿಯಲ್ಲಿಯೇ ಕಾಣಬೇಕು.

"ಬಿಚ್ಚರಿ," ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಆಕೆ ಬೆಚ್ಚಿ ಲಾಡಿ ಎಳೆದಳು.

ಮೇಲಿನ ಡಾಕ್ಟರು ಎಲ್ಲ ಕೇಳಿ, "ಬೇಸಗಿಯೊಳಗ ಮುಡಿ ಬಿಗದಿದ್ದಿಲ್ಲ. ಆವಾಗ ನೀ ನೋಡಿದ್ದು ಹತ್ತಿ ಅಲ್ಲದಿದ್ರೂ ಇರಬಹುದು," ಎಂದರು. ಮತ್ತೆ, "ದಿನಾ ಎಳಿಯೂ ತಲಿಗೆ ನಾ ಕತ್ತಿ ಹಚ್ಚೂದಿಲ್ಲ. ಅವರಿಗೆ ಹೇಳಿಬಿಡು."

ಹೇಳುವುದು ನನ್ನ ಪಾಲಿಗೆ ಬಂತು. ರೈಲಿನಲ್ಲಿ ಹೋಗುತ್ತ ಬರುತ್ತ ಆ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಬೇಡ ಎಂದಷ್ಟೇ ಹೇಳಿ ಕಳಿಸಬಹುದಿತ್ತು, ಆಸ್ಪತ್ರೆಯ ರೂಢಿ ಅದೇ. ನಾನು ಹಾಗೆ ಮಾಡಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ದಾರಿಗಳನ್ನೆಲ್ಲ ಮುಂದಿಟ್ಟೆ. ಕಸಿ ಪೂರ್ತಿ ಮಾಡಿಸಿದರೆ ಮುಡಿಯನ್ನು ಇನ್ನೆಂದೂ ಬಿಗಿಯುವಂತಿಲ್ಲ. ಕೂದಲು ಬರುತ್ತದೆ, ಮುಖ ಇಳಿಯುತ್ತದೆ. ಮುಖ ಬೇಕೆಂದರೆ ಬಿಗಿಯಿರಿ, ಮೇಲೆ ಟೋಪ ಹಾಕಿರಿ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ. ಕತ್ತಿಯೂ ಬೇಡ, ಬಿಗಿಯೂ ಬೇಡ ಎಂದರೆ ಸಡಿಲಾಗಿ ಕಟ್ಟಿ ಕಾಯುವುದು. ಎಷ್ಟು ಬರುತ್ತದೆ ಎಂದು ಹೇಳಲಾರೆ.

ಮಾಸ್ತರರು ಕನ್ನಡಿಯ ಕಡೆಗೆ ತಿರುಗಿದರು. "ಸಡ್ಲ ಕಟ್ಟ ನೋಡೂಣು," ಎಂದರು ಹೆಂಡತಿಗೆ.

ಆಕೆಗೆ ಆ ಕೆಲಸ ಬರಲಿಲ್ಲ. ಎರಡು ಸಲ ಕೈ ತಾನೇ ಎಳೆದುಬಿಟ್ಟಿತು. ಮೂರನೆಯ ಸಲ ಬೆರಳಿನಿಂದ ಬಾಚಿ, ನಡುವೆ ಬೈತಲೆ ತೆಗೆದು, ಕುತ್ತಿಗೆಯ ಮೇಲೆ ಒಂದು ಗಂಟು ಹಾಕಿ ಬಿಟ್ಟಳು. ಮುಖ ಇದ್ದ ಹಾಗೆ ಇತ್ತು. ಮಾಸ್ತರರು ಬಹಳ ಹೊತ್ತು ನೋಡಿದರು. ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಒಮ್ಮೆ ನೇರಳೆಯಾಗಿಯೂ ಕಂಡಂತೆ ನೆನಪು, ದೀಪ ಹಚ್ಚಿರಲಿಲ್ಲ.

"ನಮ್ಮವ್ವ," ಎಂದರು.

"ಅತ್ತಿಯವರ ಇದ್ದಾಂಗ ಅದೀರಿ," ಎಂದಳು ಹೆಂಡತಿ. "ಸತ್ತ ಮ್ಯಾಲೂ ನನ್ನ ಕಡಿಂದ ತಲಿ ಹಿಕ್ಕಿಸ್ಕೊಳ್ಳಾಕ ಬಂದಾರ ನೋಡ್ರಿ."

ಇಬ್ಬರೂ ನಕ್ಕರು. ವಿಚಾರ ಮಾಡಿ ಹೇಳುತ್ತೇವೆ ಎಂದು ಹೋದರು. ದಸರೆ ಬಂತು, ಹೋಯಿತು.

ದೀಪಾವಳಿಯ ಮುಂಚೆ ಒಂದು ಬೆಳಗ್ಗೆ ಮಾಸ್ತರರು ಒಬ್ಬರೇ ಬಂದರು. ರುಮಾಲಿಲ್ಲ. ಕೂದಲು ಸಡಿಲಾಗಿ, ಕುತ್ತಿಗೆಯ ಮೇಲೆ ಗಂಟು. ಅಂಥ ಗಂಡಸನ್ನು ಬಾಕಿನ ಮೇಲಿನ ಹೆಂಗಸರು ಸ್ವಲ್ಪ ಸರಿದು ಪಕ್ಕದಲ್ಲಿಯೇ ಕೂರಿಸಿಕೊಂಡಿದ್ದರು.

"ಪಾರ್ಟ ಕೊಟ್ಟಬಿಟ್ಟೇನ್ರಿ," ಎಂದರು. "ಮಾಲಕರು ಕೇಳೂದಕ್ಕಿಂತ ಮದಲ ನಾನ ಹೋಗಿ ಹೇಳಿದೆ. ಆ ಹುಡಿಗಿಗೆ ಮುಡಿ ಬಿಚ್ಚೂದ ಕಲಸಾಕತ್ತೇನಿ. ಕೂದ್ಲ ಛಲೋ ಐತಿ ಆಕಿದು, ಆದ್ರ ಲಗೂ ಲಗೂ ಬಿಚ್ಚತಾಳ, ಜಳಕಕ್ಕ ಹೊಂಟಾಂಗ. ಹಂಗಲ್ಲವಾ, ಹಿಂಗ ಅಂತೇನಿ."

ಅವರು ಎದ್ದು ನಿಂತರು. ಇದೊಂದೇ ಸಲ ಕನ್ನಡಿಗೆ ಬೆನ್ನು ಮಾಡಿ, ನನ್ನ ಕಡೆಗೆ ಮುಖ ಮಾಡಿ ನಿಂತರು. ಕೈ ಹಿಂದೆ ಹೋಯಿತು, ಗಂಟಿನ ಮೇಲೆ ನಿಂತಿತು. ಏನೂ ಆಗಲಿಲ್ಲ. ಕಾಯಿಸುತ್ತಿದ್ದಾರೆ ಎಂದು ತಿಳಿದೂ ಕಾದೆ. ಆಮೇಲೆ ಕೂದಲು ಒಂದು ಕಡೆಯಿಂದ ಇಳಿಯತೊಡಗಿ, ಭುಜ ದಾಟಿ, ಇನ್ನೊಂದು ಕಡೆಯದು ಅದನ್ನು ಹಿಂಬಾಲಿಸಿ ಸೊಂಟ ಮುಟ್ಟಿತು. ಬಾಕಿನ ಮೇಲಿನ ಹೆಂಗಸರು ಬಾಗಿಲ ಸಂದಿಗೆ ಬಂದು ನಿಂತಿದ್ದರು. ಅಷ್ಟು ಹತ್ತಿರದಿಂದ ನೋಡಿಯೂ ಬೋಳು ಜಾಗ ಎಲ್ಲಿದೆ ಎಂದು ಹುಡುಕುವುದನ್ನು ನಾನು ಮರೆತಿದ್ದೆ.

ಕೂತ ಮೇಲೆ ಪರೀಕ್ಷೆ ಮಾಡಿದೆ. ನಾಲ್ಕು ಚುಕ್ಕೆಗಳೂ ಇದ್ದವು. ಅವುಗಳ ಹಿಂದೆ, ಸತ್ತಿದೆ ಎಂದುಕೊಂಡಿದ್ದ ನಡುಭಾಗದಲ್ಲಿ, ಒರೆಸಿದರೆ ಹೋಗದ ಕೂದಲು, ತೆಳ್ಳಗೆ, ಅಲ್ಲಲ್ಲಿ.

"ಈಗಂತೂ ನೀವು ಮುಡಿ ಎಳಿಯೂದಿಲ್ಲ. ಉಳಿದ ಜಾಗಕ್ಕೂ ಕಸಿ ಮಾಡಬಹುದು ಮಾಸ್ತರ್ರ, ಈಗ ಹಿಡೀತದ," ಎಂದೆ.

"ಬ್ಯಾಡ ಬಿಡ್ರಿ. ನಮ್ಮವ್ವಗೂ ಇಲ್ಲೆ ತೆಳ್ಳಗ ಇತ್ತು," ಎಂದು ಅವರು ಒಂದು ಕಡೆಯ ಕಣತಲೆ ಮುಟ್ಟಿ ತೋರಿಸಿದರು. ಯಾವ ಕಡೆ ಎಂದು ನೋಡಿದ್ದೆ, ಖಂಡಿತ ನೋಡಿದ್ದೆ.

ಮುಂದಿನ ವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು. ಕಂಪನಿಯೂ ಹುಬ್ಬಳ್ಳಿ ಬಿಟ್ಟಿತು. ಆ ಕೂದಲು ಬಂದದ್ದು ಮುಲಾಮಿನಿಂದಲೋ, ನೇರಳೆ ದೀಪದಿಂದಲೋ, ಕಸಿಯ ಗಾಯಕ್ಕೆ ಹರಿದು ಬಂದ ರಕ್ತದಿಂದಲೋ, ಅಥವಾ ಒಬ್ಬ ಹೆಂಗಸು ತನ್ನ ಮೊಣಕಾಲು ತೆಗೆದದ್ದರಿಂದಲೋ, ನನಗೆ ಗೊತ್ತಿಲ್ಲ.